ಬೂಷ್ಟಿಗೆ ಎಷ್ಟು, ನೀರಿಗೆ ಎಷ್ಟು: ಸಾಗರದ ಒಂದು ಮನೆಯ ಲೆಕ್ಕ

2022ರ ಜುಲೈ ಕೊನೆ. ಪುಷ್ಯ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸಾಗರದಿಂದ ಅಕ್ಕ ಒಂದು ಫೋಟೊ ಕಳಿಸಿದಳು. ಮಲಗುವ ಕೋಣೆಯ ಮರದ ಬೀರುವನ್ನು ಗೋಡೆಯಿಂದ ಎಳೆದಿದ್ದರು. ಅದರ ಹಿಂದೆ ನೆಲದಿಂದ ಎದೆಮಟ್ಟದವರೆಗೆ ಗೋಡೆ ಕಪ್ಪು ಹಸಿರಾಗಿತ್ತು. ಬೀರುವಿನ ಹಿಂದಿನ ಪ್ಲೈವುಡ್ ಉಬ್ಬಿ ಪದರ ಬಿಟ್ಟಿತ್ತು. ಅವಳ ಧಾರೆ ಸೀರೆಯ ಮಡಿಕೆಯ ಮೇಲೆ ಬಿಳಿ ಬೂಷ್ಟಿನ ಚುಕ್ಕೆಗಳು.

ಹಿಂದೆಯೇ ಫೋನ್ ಬಂತು. "ಪ್ರತಿ ವರ್ಷ ಬಣ್ಣ ಹೊಡೆಸ್ತೀವಿ, ಪ್ರತಿ ವರ್ಷ ಇದೇ ಗೋಳು ಕಣೋ. ಈ ಸಲ ಗೊತ್ತಿರೋರನ್ನ ಕರೆಸಿ ಪೂರ್ತಿ ತೆಗೆಸಿಬಿಡೋಣ ಅಂತ. ಎಷ್ಟಾಗಬಹುದು?"

ನಾನು 16 ವರ್ಷದಿಂದ ಕಟ್ಟಡಗಳ ಎಸ್ಟಿಮೇಟ್ ಮಾಡುವ ಕೆಲಸದಲ್ಲಿದ್ದೇನೆ. ಆದರೂ ಅಕ್ಕನಿಗೆ ಒಂದು ಅಂಕಿ ಹೇಳಲು ನನ್ನಿಂದ ಆಗಲಿಲ್ಲ. ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಬೂಷ್ಟು ತೆಗೆಯುವುದಕ್ಕೆ ದರ ಹೇಳಲು ಬರುವುದಿಲ್ಲ. ಹಾಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅಕ್ಕನ ಮನೆಗೂ ಬಂದರು. ಆ ವರ್ಷ ಆ ಮನೆಯಲ್ಲಿ ಏನೇನಾಯಿತು, ಯಾವುದಕ್ಕೆ ಎಷ್ಟು ಖರ್ಚಾಯಿತು ಅನ್ನುವುದನ್ನು ರೂಪಾಯಿ ಸಮೇತ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದೇ ಗೋಡೆ ನೋಡಿಕೊಂಡು ಕೂತಿರುವ ಮನೆಗಳು ಎಷ್ಟೋ ಇವೆ.

ಮನೆ ಹೇಗಿತ್ತು

2009ರಲ್ಲಿ ಕಟ್ಟಿದ ಮನೆ. ನೆಲ ಅಂತಸ್ತು ಮಾತ್ರ, 1,150 ಚದರಡಿ. ಗೋಡೆ ಜಂಬಿಟ್ಟಿಗೆ ಕಲ್ಲಿನದು, ಮೇಲೆ ಆರ್‌ಸಿಸಿ ತಾರಸಿ. ಹಳೆಯ ಹೆಂಚಿನ ಮನೆಯನ್ನು ಕೆಡವಿ ಕಟ್ಟಿದ್ದು. ಆ ಹಳೆಯ ಮನೆಗೆ ಮಾಡು ಉದ್ದಕ್ಕೆ ಚಾಚಿಕೊಂಡಿತ್ತು. ಮಳೆಗಾಲಕ್ಕೆ ಮುಂಚೆ ಪಡುವಣ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಹಾಗಾಗಿ ಇರಚಲು ಗೋಡೆಗೆ ತಾಗುತ್ತಲೇ ಇರಲಿಲ್ಲ. ಹೊಸ ಮನೆಗೆ ಕಿಟಕಿಯ ಮೇಲೆ ಒಂದೂವರೆ ಅಡಿ ಸಜ್ಜಾ, ಅಷ್ಟೇ. ಮುಂಗಾರಿನ ಗಾಳಿ ಮಳೆ ಪಶ್ಚಿಮದಿಂದ ಬಂದು ನೇರ ಗೋಡೆಗೇ ಹೊಡೆಯುತ್ತದೆ. ಜಂಬಿಟ್ಟಿಗೆ ರಂಧ್ರಗಳ ಕಲ್ಲು. ಹೊರಗಿನ ಗಾರೆಯಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ಸಾಕು, ಕಲ್ಲು ನೀರು ಕುಡಿಯುತ್ತಾ ಹೋಗುತ್ತದೆ. ಜೂನ್‌ನಲ್ಲಿ ಕುಡಿದದ್ದು ಆಗಸ್ಟ್‌ನಲ್ಲಿ ಒಳಗೆ ಕಾಣಿಸುತ್ತದೆ.

ಮನೆಯಲ್ಲಿ ಅಕ್ಕ, ಭಾವ, ಇಬ್ಬರು ಮಕ್ಕಳು, ಭಾವನ ತಾಯಿ. ಅಮ್ಮನಿಗೆ ಆಗ 74 ವರ್ಷ, ಹಳೆಯ ಉಬ್ಬಸ ಇತ್ತು. ಆ ಕೋಣೆ ಅವರದ್ದೇ. ಫೋಟೊ ನೋಡಿದ ತಕ್ಷಣ ನಾನು ಹೇಳಿದ್ದು ಒಂದೇ ಮಾತು: ಅಮ್ಮನನ್ನು ಇವತ್ತು ರಾತ್ರಿಯೇ ಪೂರ್ವದ ಕೋಣೆಗೆ ಮಲಗಿಸಿ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು, ಉಸಿರಾಟದ ತೊಂದರೆ ಜಾಸ್ತಿ ಕಾಣುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಇಷ್ಟು ಬೂಷ್ಟಿದ್ದರೆ ಪರವಾಗಿಲ್ಲ ಎಂಬ ಒಂದು ಮಿತಿಯನ್ನು ಅದು ಕೊಟ್ಟಿಲ್ಲ. ತೇವವನ್ನೇ ತಡೆಯಿರಿ ಎನ್ನುತ್ತದೆ. ಕೋಣೆ ಬದಲಿಸಲು ಒಂದು ಪೈಸೆ ಖರ್ಚಿಲ್ಲ. ದರ ವಿಚಾರಿಸುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಅದು.

ಅಷ್ಟರಲ್ಲಿ ಈ ಗೋಡೆಗೆ ಹೋಗಿದ್ದ ಹಣ ಎಷ್ಟು ಅಂತ ಭಾವನನ್ನು ಕೇಳಿದೆ. ಅವರು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವ ಮನುಷ್ಯ. 2019ರ ದೀಪಾವಳಿಗೆ 11,000, ಮಾರನೇ ವರ್ಷ 12,500, 2021ರಲ್ಲಿ 14,000 ರೂಪಾಯಿ. ಒಟ್ಟು 37,500. ಮೂರು ಸಲವೂ ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದಿದ್ದರು. ಮೂರು ಸಲವೂ ಮುಂದಿನ ಮಳೆಗಾಲದಲ್ಲಿ ಗೋಡೆ ಮತ್ತೆ ಕಪ್ಪಾಗಿತ್ತು.

ಮೂರು ಕೊಟೇಶನ್

ಆಗಸ್ಟ್‌ನಲ್ಲಿ ಮೂವರನ್ನು ಕರೆಸಿದೆವು. ಬೂಷ್ಟು ತೆಗೆಯುವುದನ್ನೇ ಕಸುಬು ಮಾಡಿಕೊಂಡವರು ನಮ್ಮ ಕಡೆ ಸಿಗುವುದು ಅಪರೂಪ. ಬರುವವರು ಕೀಟ ನಿಯಂತ್ರಣದವರು, ಪೇಂಟ್ ಗುತ್ತಿಗೆದಾರರು, ಇಲ್ಲವೇ ವಾಟರ್‌ಪ್ರೂಫಿಂಗ್ ಕಂಪನಿಯವರು. ತಮ್ಮ ಕೈಯಲ್ಲಿ ಯಾವ ಸಾಮಾನು ಇದೆಯೋ ಅದಕ್ಕೆ ತಕ್ಕ ರೋಗವನ್ನು ಅವರು ಗೋಡೆಯಲ್ಲಿ ಕಂಡುಹಿಡಿಯುತ್ತಾರೆ. ಅವರು ಕೆಟ್ಟವರು ಅಂತ ಇದರ ಅರ್ಥ ಅಲ್ಲ. ಅವರಿಗೆ ಬರುವ ಕೆಲಸ ಅದು.

ಮೊದಲನೆಯವರು ಮನೆ ಶುಚಿ ಮಾಡುವ, ಕೀಟ ಓಡಿಸುವ ಕೆಲಸದವರು. ಇಡೀ ಮನೆಗೆ ಫಂಗಸ್ ಔಷಧಿಯ ಹೊಗೆ ಹಾಕುತ್ತೇವೆ ಎಂದರು. 1,150 ಚದರಡಿಗೆ 14 ರೂಪಾಯಿಯಂತೆ 16,100, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 18,998. ಒಂದು ವರ್ಷ ಗ್ಯಾರಂಟಿ. ಕೊಟೇಶನ್ನಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ನೀರು ಜಿನುಗಿದರೆ ಗ್ಯಾರಂಟಿ ಇಲ್ಲ. ನಮ್ಮ ತೊಂದರೆಯೇ ಜಿನುಗುವ ನೀರು, ಅಲ್ವಾ?

ಇದರಲ್ಲಿ ಇನ್ನೊಂದು ವಿಷಯವಿದೆ. ಔಷಧಿ ಹೊಡೆದರೆ ಬೂಷ್ಟು ಸಾಯಬಹುದು. ಆದರೆ ಸತ್ತ ಬೂಷ್ಟೂ ಗೋಡೆಯ ಮೇಲೇ ಇರುತ್ತದೆ. ಅದರ ಪುಡಿಯೂ ಅಲರ್ಜಿ ತರುತ್ತದೆ. ಆದ್ದರಿಂದ ಕೊಂದರೆ ಸಾಲದು, ಅದನ್ನು ತೆಗೆದು ಮನೆಯಿಂದ ಹೊರಗೆ ಹಾಕಬೇಕು. ಹೊಗೆಯಿಂದ ಆ ಕೆಲಸ ಆಗುವುದಿಲ್ಲ.

ಎರಡನೆಯವರು ಪೇಂಟ್ ಗುತ್ತಿಗೆದಾರರು. ಕೋಣೆಯ ನಾಲ್ಕು ಗೋಡೆ 460 ಚದರಡಿ, ಸೀಲಿಂಗ್ 132. ಒಟ್ಟು 592 ಚದರಡಿಗೆ 72 ರೂಪಾಯಿಯಂತೆ 42,624. ಕೆರೆಯುವುದು, ಫಂಗಸ್ ನಿರೋಧಕ ದ್ರಾವಣ, ತೇವ ತಡೆಯುವ ಪುಟ್ಟಿ, ಡ್ಯಾಂಪ್ ಪ್ರೂಫ್ ಕೋಟ್, ಎರಡು ಕೈ ಬಣ್ಣ. ಸಾಮಾನು ಒಳ್ಳೆಯದೇ. ಆದರೆ ಎಲ್ಲವೂ ಒಳಗಿನಿಂದ. ಹೊರಗಿನಿಂದ ಬರುವ ನೀರಿಗೆ ಒಳಗಿನಿಂದ ಮುಚ್ಚಳ ಹಾಕಿದರೆ ನೀರು ಗೋಡೆಯೊಳಗೇ ನಿಲ್ಲುತ್ತದೆ. ಆಮೇಲೆ ಪಕ್ಕಕ್ಕೆ ಸರಿದು ಬೇರೆ ಕಡೆ ಬರುತ್ತದೆ, ಇಲ್ಲವೇ ಪುಟ್ಟಿಯನ್ನೇ ತಳ್ಳಿ ಹಪ್ಪಳದಂತೆ ಏಳಿಸುತ್ತದೆ.

ಮೂರನೆಯದು ದೊಡ್ಡ ವಾಟರ್‌ಪ್ರೂಫಿಂಗ್ ಕಂಪನಿ. ತಾರಸಿ ಪೂರ್ತಿ 1,250 ಚದರಡಿಗೆ ಕೋಟಿಂಗ್, 95 ರೂಪಾಯಿಯಂತೆ 1,18,750. ಪಶ್ಚಿಮದ ಹೊರಗೋಡೆ 374 ಚದರಡಿಗೆ 58ರಂತೆ 21,692. ಗೋಡೆಯೊಳಗೆ ರಾಸಾಯನಿಕ ಇಂಜೆಕ್ಷನ್‌ಗೆ 26,000. ಜಿಎಸ್‌ಟಿ ಸೇರಿ 1,96,402 ರೂಪಾಯಿ.

ಅಕ್ಕ ಮೂರೂ ಕಾಗದಗಳನ್ನು ಮೇಜಿನ ಮೇಲೆ ಹರಡಿ ಕೂತಿದ್ದಳು. ಅದೇ ಗೋಡೆ, ಅದೇ ಬೂಷ್ಟು. ಒಬ್ಬರದು 19 ಸಾವಿರದ ಒಳಗೆ, ಇನ್ನೊಬ್ಬರದು ಅದರ ಹತ್ತು ಪಟ್ಟು. "ಯಾರು ನಿಜ ಹೇಳ್ತಿದಾರೆ?" ಅಂತ ಕೇಳಿದಳು. ಮೂವರೂ ಸುಳ್ಳು ಹೇಳಿರಲಿಲ್ಲ. ಆದರೆ ನೀರು ಎಲ್ಲಿಂದ ಬರುತ್ತದೆ ಅಂತ ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ. ಅಳತೆ ಟೇಪು ಮಾತ್ರ ತಂದಿದ್ದರು.

ಭಾವ ಅಂತರ್ಜಾಲದಲ್ಲಿ ಅಮೆರಿಕದ ದರಗಳನ್ನೂ ಹುಡುಕಿದ್ದರು. ಡಾಲರಿನ ಅಂಕಿ ನೋಡಿ ಹೆದರಿದ್ದರು. ಆ ದರ ನಮ್ಮ ಗೋಡೆಗೆ ಹೊಂದುವುದಿಲ್ಲ. ಅಲ್ಲಿಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಗೋಡೆ ಅಂದರೆ ಕಾಗದ ಹೊದಿಸಿದ ಜಿಪ್ಸಮ್ ಬೋರ್ಡು. ಕಾಗದ ಬೂಷ್ಟಿಗೆ ಊಟ. ಒಳಗಿನ ಟೊಳ್ಳಿನಲ್ಲೂ ಅದು ಹಬ್ಬುತ್ತದೆ. ಬೋರ್ಡನ್ನೇ ಕತ್ತರಿಸಿ ತೆಗೆಯಬೇಕು. ನಮ್ಮ ಕಲ್ಲು ಸಿಮೆಂಟಿನ ಗೋಡೆಯಲ್ಲಿ ಬೂಷ್ಟು ಹೆಚ್ಚಾಗಿ ಮೇಲಿನ ಬಣ್ಣ, ಪುಟ್ಟಿ, ಧೂಳನ್ನು ತಿಂದು ಬದುಕುತ್ತದೆ. ತೆಗೆಯುವುದು ಅಷ್ಟು ಕಷ್ಟವಲ್ಲ, ಗೋಡೆ ಒಣಗಿಸುವುದೇ ಕಷ್ಟ. ಆದರೆ ಅಲ್ಲಿಂದ ಕಲಿಯಬೇಕಾದ್ದು ಒಂದಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 2016ರಿಂದ ಒಂದು ಕಾನೂನು ಇದೆ. ಬೂಷ್ಟನ್ನು ಪರೀಕ್ಷಿಸಿ ವರದಿ ಕೊಟ್ಟವರೇ ಅದೇ ಮನೆಯಲ್ಲಿ ತೆಗೆಯುವ ಗುತ್ತಿಗೆ ಹಿಡಿಯುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೂ ಮನೆಯವರು ಅದನ್ನು ತಾವೇ ಪಾಲಿಸಬಹುದು. ಅಕ್ಕನ ಮನೆಯಲ್ಲಿ ನಾವು ಹಾಗೇ ಮಾಡಿದೆವು.

ನೀರನ್ನು ಹುಡುಕಿದ್ದು

ಇದಕ್ಕೆ ದೊಡ್ಡ ಸಲಕರಣೆ ಬೇಕಾಗಲಿಲ್ಲ. ಕೋಣೆಯ ತೇವಾಂಶ ತೋರಿಸುವ ಒಂದು ಪುಟ್ಟ ಮೀಟರ್ 600 ರೂಪಾಯಿ. ಗೋಡೆಗೆ ಎರಡು ಮುಳ್ಳು ಒತ್ತಿ ಒದ್ದೆ ನೋಡುವ ಮೀಟರ್ 2,200. ಈ ಎರಡನೆಯದನ್ನು ಮರಕ್ಕೆಂದು ಮಾಡಿರುತ್ತಾರೆ, ಸಿಮೆಂಟ್ ಗೋಡೆಯ ಮೇಲೆ ಅದರ ಅಂಕಿಯನ್ನು ಹಾಗೇ ನಂಬಬಾರದು. ಒಣಗಿದ ಗೋಡೆಯ ಮೇಲೆ ಎಷ್ಟು ತೋರಿಸುತ್ತದೆ, ಇಲ್ಲಿ ಎಷ್ಟು ಅಂತ ಹೋಲಿಸಲು ಮಾತ್ರ ಅದು ಸಾಕು. ನಮಗೆ ಬೇಕಾಗಿದ್ದೂ ಅಷ್ಟೇ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಬೇಕು. ಎರಡು ದಿನ ಬಿಡಬೇಕು. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮುಂದೆ, ಕೋಣೆಯ ಕಡೆ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಪಶ್ಚಿಮದ ಗೋಡೆಯಲ್ಲಿ ಹನಿ ಹಿಂದೆ ಇತ್ತು. ಉತ್ತರದ ಗೋಡೆಯಲ್ಲಿ ಮುಂದೆ ಇತ್ತು. ಒಂದೇ ಕೋಣೆ, ಒಂದೇ ಬಣ್ಣದ ಬೂಷ್ಟು, ಎರಡು ಬೇರೆ ಬೇರೆ ಕಾರಣ! ಇದು ತಿಳಿಯದೆ ಎರಡೂ ಗೋಡೆಗೆ ಒಂದೇ ಔಷಧಿ ಹೊಡೆಯಲು ಹೊರಟಿದ್ದರು.

ಉತ್ತರದ ಗೋಡೆಯ ಕಾರಣ ಬೇಗ ಸಿಕ್ಕಿತು. ಮಳೆಗಾಲದಲ್ಲಿ ಬಟ್ಟೆ ಒಣಹಾಕುತ್ತಿದ್ದದ್ದು ಅದೇ ಕೋಣೆಯಲ್ಲಿ, ಹಗ್ಗ ಕಟ್ಟಿ, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ. ಬಟ್ಟೆಯಿಂದ ಹೋದ ನೀರು ಎಲ್ಲಿಗೆ ಹೋಗುತ್ತದೆ? ಗಾಳಿಗೆ ಸೇರಿ, ತಣ್ಣನೆಯ ಗೋಡೆ ಸಿಕ್ಕಲ್ಲಿ ಕೂರುತ್ತದೆ. ಮೀಟರ್ 88 ಶೇಕಡ ತೋರಿಸುತ್ತಿತ್ತು. ಬೂಷ್ಟು ಬೆಳೆಯದಿರಲು ಮನೆಯೊಳಗಿನ ತೇವಾಂಶ 60ರ ಕೆಳಗಿರಬೇಕು ಎನ್ನುತ್ತಾರೆ. ಆಶ್ಲೇಷಾ ಮಳೆಯಲ್ಲಿ ಸಾಗರದ ಮನೆಯೊಂದರಲ್ಲಿ ಆ ಅಂಕಿ ನೋಡುವುದು ಸುಲಭವಲ್ಲ. ಆದರೆ 88 ನಮ್ಮ ಕೈಯಾರೆ ಮಾಡಿಕೊಂಡಿದ್ದು.

ಸೀಲಿಂಗಿನ ಮೂಲೆಯಲ್ಲೂ ಒಂದು ದೊಡ್ಡ ಕಲೆ ಇತ್ತು. ಭಾವನೂ ನಾನೂ ತಾರಸಿಗೆ ಹತ್ತಿದೆವು. ನೀರು ಹೋಗುವ ಮೂರು ಇಂಚಿನ ಪೈಪಿನ ಬಾಯಿಗೆ ಹಲಸಿನ ಎಲೆ ಕಟ್ಟಿಕೊಂಡಿತ್ತು. ಆ ಮೂಲೆಯಲ್ಲಿ ಅಂಗೈ ಆಳ ನೀರು ನಿಂತಿತ್ತು. ಪ್ಯಾರಾಪೆಟ್ ಗೋಡೆ ತಾರಸಿಯನ್ನು ಸೇರುವ ಜಾಗದಲ್ಲಿ ಉದ್ದಕ್ಕೆ ಬಿರುಕು. ಎಲೆ ತೆಗೆದೆವು, ನೀರು ಗುಳುಗುಳು ಇಳಿದು ಹೋಯಿತು. ಇಡೀ ತಾರಸಿ ಸೋರುತ್ತಿದೆಯೋ, ಈ ಮೂಲೆ ಮಾತ್ರವೋ ಅಂತ ತಿಳಿಯಲು ನವೆಂಬರ್‌ವರೆಗೆ ಕಾಯಬೇಕಾಯಿತು. ಮಳೆ ನಿಂತು, ಸೀಲಿಂಗ್ ಒಣಗಿದ ಮೇಲೆ ತಾರಸಿಯನ್ನು ಭಾಗ ಮಾಡಿ, ಮಣ್ಣಿನ ಕಟ್ಟೆ ಕಟ್ಟಿ, ಒಂದೊಂದು ಭಾಗದಲ್ಲೂ ಎರಡು ದಿನ ನೀರು ನಿಲ್ಲಿಸಿದೆವು. ಬೇರೆಲ್ಲೂ ಒಂದು ಹನಿ ಇಳಿಯಲಿಲ್ಲ. ಆ ಮೂಲೆಯಲ್ಲಿ ಮಾತ್ರ ಇಳಿಯಿತು. ಮೂರನೇ ಕೊಟೇಶನ್ನಿನ 1,18,750 ರೂಪಾಯಿಯ ಕೋಟಿಂಗ್ ಅಲ್ಲಿಗೆ ಬಿಟ್ಟುಹೋಯಿತು.

ಪಶ್ಚಿಮದ ಹೊರಗೋಡೆಯನ್ನು ಮೇಸ್ತ್ರಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಗಾರೆ ಕಲ್ಲಿಗೆ ಕಚ್ಚಿಕೊಂಡಿದ್ದಲ್ಲಿ ಗಟ್ಟಿ ಸದ್ದು, ಬಿಟ್ಟುಕೊಂಡಿದ್ದಲ್ಲಿ ಡಬ ಡಬ. ಸುಮಾರು 160 ಚದರಡಿ ಡಬ ಡಬ ಎಂದಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಆ ಗುರುತಿನ ಬೆನ್ನಿಗೇ, ಒಳಗಡೆ, ಬೂಷ್ಟಿನ ಅತಿ ಕಪ್ಪು ಭಾಗ ಇತ್ತು. ನನಗೆ ಇಡೀ ಪ್ರಕರಣದಲ್ಲಿ ಮರೆಯಲಾಗದ ಗಳಿಗೆ ಅದು. ಮೂರು ವರ್ಷ ಒಳಗೆ ಬಣ್ಣ ಬಳಿದಿದ್ದರು. ಹೊರಗೆ ಹೋಗಿ ಗೋಡೆಯನ್ನು ಒಮ್ಮೆ ತಟ್ಟಿ ನೋಡಿದವರು ಯಾರೂ ಇರಲಿಲ್ಲ.

ಖರ್ಚಾಗಿದ್ದು ಹೀಗೆ

ಕೆಲಸ ಶುರುವಾಗಿದ್ದು ನವೆಂಬರ್ ಮೂರನೇ ವಾರ. ಊರಿನ ಮೇಸ್ತ್ರಿ, ಊರಿನ ವೆಲ್ಡರ್, ಅದೇ ಪೇಂಟರ್. ಬೇರೆ ಬೇರೆ ಕೆಲಸ, ಬೇರೆ ಬೇರೆ ದರ. ಇವು 2022–23ರ ಸಾಗರದ ದರಗಳು. ಬೆಂಗಳೂರಿನಲ್ಲಿ ಕೂಲಿ ಇನ್ನೂ ಜಾಸ್ತಿ.

ತಾರಸಿಯ ಮೂಲೆ ಮೊದಲು. ಬಿರುಕನ್ನು ಅಗಲ ಮಾಡಿ, ಪಾಲಿಮರ್ ಸೇರಿಸಿದ ಗಾರೆ ತುಂಬಿ, ಮೂಲೆಯನ್ನು ನೀರು ನಿಲ್ಲದಂತೆ ಗುಂಡಗೆ ಮಾಡಿ, ಮೇಲೆ ಕೋಟಿಂಗ್ ಕೊಟ್ಟಿದ್ದಕ್ಕೆ 7,800. ಮೂರು ಇಂಚಿನ ಪೈಪ್ ತೆಗೆದು ನಾಲ್ಕು ಇಂಚಿನದು ಹಾಕಿ ಜಾಲರಿ ಕೂರಿಸಿದ್ದಕ್ಕೆ 4,200. ಹೊರಗೋಡೆಯಲ್ಲಿ ಬಿಟ್ಟುಕೊಂಡ 160 ಚದರಡಿ ಗಾರೆ ಕಿತ್ತು ಹೊಸದು ಮಾಡಲು 65 ರೂಪಾಯಿಯಂತೆ 10,400. ಇಡೀ ಪಶ್ಚಿಮ ಗೋಡೆಗೆ, ಅಂದರೆ 374 ಚದರಡಿಗೆ, ಬಿರುಕು ತುಂಬಿ ಹಿಗ್ಗುವ ಗುಣದ ಹೊರಬಣ್ಣ ಎರಡು ಕೈ, 38ರಂತೆ 14,212. ಸಾರವೆ ಕಟ್ಟಲು 3,000.

ಅದಾದ ಮೇಲೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸ. ಪಶ್ಚಿಮದ ಗೋಡೆಯುದ್ದಕ್ಕೂ, 34 ಅಡಿ, ನಾಲ್ಕಡಿ ಹೊರಚಾಚಿದ ಶೀಟಿನ ಮಾಡು. ಕಬ್ಬಿಣದ ಚೌಕಟ್ಟು ಸೇರಿ ಚದರಡಿಗೆ 210ರಂತೆ 28,560. ಭಾವನಿಗೆ ಇದು ದುಬಾರಿ ಅನ್ನಿಸಿತು. "ಅಷ್ಟು ಒಳ್ಳೆ ಪೇಂಟ್ ಹೊಡೆದ ಮೇಲೂ ಇದು ಬೇಕಾ?" ಎಂದರು. ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟರು: "ಹಳೇ ಮನೇಲಿ ನಿಮ್ಮಪ್ಪ ತಟ್ಟಿ ಕಟ್ತಿದ್ದದ್ದು ಸುಮ್ನೆ ಅಲ್ಲ." ಮಾತು ಮುಗಿಯಿತು. ಬಣ್ಣಕ್ಕೆ ಐದಾರು ವರ್ಷ ಆಯಸ್ಸು. ಗೋಡೆಗೆ ಮಳೆಯೇ ತಾಗದಂತೆ ಮಾಡುವ ಮಾಡಿಗೆ ಅದಕ್ಕಿಂತ ಬಹಳ ಜಾಸ್ತಿ.

ಇಷ್ಟು ನೀರು ನಿಲ್ಲಿಸಿದ ಖರ್ಚು: 68,172 ರೂಪಾಯಿ.

ಆಮೇಲೆ ಒಳಗಿನ ಕೆಲಸ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಚ್ಚರ ತಪ್ಪುವುದು ಇಲ್ಲೇ. ಬೂಷ್ಟನ್ನು ಒಣಗಿದಾಗ ಕೆರೆದರೆ ಅದರ ಕಣಗಳು ಇಡೀ ಮನೆಗೆ ಹಾರುತ್ತವೆ. ಮೂರು ವರ್ಷವೂ ಪೇಂಟರ್ ಹುಡುಗರು ಒಣ ಗೋಡೆಯನ್ನೇ, ಮೂಗಿಗೆ ಬಟ್ಟೆಯೂ ಇಲ್ಲದೆ, ಫ್ಯಾನ್ ಹಾಕಿಕೊಂಡು ಕೆರೆದಿದ್ದರು. ಈ ಸಲ ಕೋಣೆ ಖಾಲಿ ಮಾಡಿ, ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿದೆವು. ಕಿಟಕಿಯಲ್ಲಿ ಒಂದು ಟೇಬಲ್ ಫ್ಯಾನನ್ನು ಗಾಳಿ ಹೊರಗೆ ಹೋಗುವಂತೆ ಇಟ್ಟೆವು. ಇಬ್ಬರು ಕೆಲಸಗಾರರಿಗೆ ಎನ್95 ಮಾಸ್ಕ್, ಕೈಗವಸು, ಕನ್ನಡಕ. ಗೋಡೆಗೆ ಮೊದಲು ಸೋಪಿನ ನೀರು ಚಿಮುಕಿಸಿ, ಒದ್ದೆಯಾಗಿದ್ದಾಗಲೇ ಕೆರೆದು, ಪುಡಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ಸಾಗಿಸಿದರು. ಆಮೇಲೆ ತೊಳೆದು, ಒರೆಸಿ, ಫಂಗಸ್ ನಿರೋಧಕ ಹಚ್ಚಿದರು. ಎರಡು ದಿನ, ಇಬ್ಬರು, ತಲೆಗೆ 900ರಂತೆ 3,600 ಕೂಲಿ. ಸಾಮಾನಿಗೆ 2,350. ಒಟ್ಟು 5,950.

ಬೂಷ್ಟು ತೆಗೆದ ಖರ್ಚು ಅಂದರೆ ಇಷ್ಟೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪಕ್ಕದ ಮನೆಯವರು ಅಕ್ಕನಿಗೆ ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದ್ದರು: ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆಸಿಡ್ ಬೆರೆಸಿ ಉಜ್ಜಿಬಿಡು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಬ್ಲೀಚ್ ಒಂದನ್ನೇ ಹಚ್ಚಿದರೂ ಗಾರೆಯಂಥ ರಂಧ್ರಗಳ ಮೈಯಲ್ಲಿ ಮೇಲಿನ ಬಣ್ಣ ಮಾತ್ರ ಬಿಳಿಯಾಗುತ್ತದೆ, ಒಳಗಿನದು ಉಳಿಯುತ್ತದೆ.

ಪಶ್ಚಿಮ ಗೋಡೆಯ ಒಳಗಾರೆ 120 ಚದರಡಿ ಪೂರ್ತಿ ನೆನೆದು ಸಡಿಲವಾಗಿತ್ತು. ಕೀಳಲು 2,160, ಮಣ್ಣು ಸಾಗಿಸಲು 1,800, ಹೊಸ ಗಾರೆಗೆ 6,600. ಒಟ್ಟು 10,560. ಇಡೀ ಕೋಣೆಗೆ ಪ್ರೈಮರ್, ಎರಡು ಕೈ ಬಣ್ಣ, 592 ಚದರಡಿಗೆ 24ರಂತೆ 14,208. ಬೀರುವಿನ ಹಿಂಬದಿ ಬದಲಿಸಲು 6,500. ಕಿಟಕಿಯ ಮೇಲೆ ಎಕ್ಸಾಸ್ಟ್ ಫ್ಯಾನ್ 2,900. ಎರಡು ಮೀಟರ್ 2,800.

ಉತ್ತರದ ಗೋಡೆಗೆ ಆ ಫ್ಯಾನ್ ಬಿಟ್ಟರೆ ಬೇರೆ ಖರ್ಚಿಲ್ಲ. ಬಟ್ಟೆ ಒಣಹಾಕುವುದು ಹಿಂದಿನ ಕೊಟ್ಟಿಗೆಯ ಅಟ್ಟಕ್ಕೆ ಹೋಯಿತು. ಬೀರು ಗೋಡೆಯಿಂದ ನಾಲ್ಕು ಇಂಚು ಈಚೆ ಬಂತು, ಹಿಂದೆ ಗಾಳಿಯಾಡಲಿ ಅಂತ.

ನಾವು ಮಾಡಿದ ತಪ್ಪು

ಎಲ್ಲವೂ ಸರಿಯಾಗಿ ನಡೆಯಲಿಲ್ಲ. ಹೊಸ ಗಾರೆ ಮುಗಿದಿದ್ದು ಡಿಸೆಂಬರ್ 20ರ ಸುಮಾರಿಗೆ. ಸಂಕ್ರಾಂತಿಗೆ ನೆಂಟರು ಬರುವವರಿದ್ದರು. ಅಷ್ಟರೊಳಗೆ ಬಣ್ಣ ಆಗಲಿ ಅಂತ ಮನೆಯವರ ಆಸೆ. ಪೇಂಟರ್ ಕೂಡ ಹೊರಗೆ ಒಣಗಿದೆಯಲ್ಲ ಸರ್ ಎಂದರು. ನಾನು ಬೆಂಗಳೂರಿನಲ್ಲಿದ್ದೆ. ಬೇಡ ಅನ್ನಬೇಕಿತ್ತು, ಗಟ್ಟಿಯಾಗಿ ಅನ್ನಲಿಲ್ಲ. ಅರ್ಧ ಗೋಡೆಗೆ ಪ್ರೈಮರ್, ಬಣ್ಣ ಆಯಿತು.

ಪೂರ್ತಿ ನೆನೆದ ಗೋಡೆ ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಬೇಕು ಎಂಬ ಹಳೆಯ ಅಂದಾಜು ಕಟ್ಟಡದವರಲ್ಲಿ ಇದೆ. ಜಂಬಿಟ್ಟಿಗೆ ಗೋಡೆ ಎಂಟು ಒಂಬತ್ತು ಇಂಚು. ಎರಡೂ ಕಡೆಯಿಂದ ಒಣಗುತ್ತದೆ ಅಂದರೂ ನಾಲ್ಕು ತಿಂಗಳು. ಫೆಬ್ರುವರಿಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಮೀಟರ್ ಒತ್ತಿ ನೋಡಿದರೆ ಪೂರ್ವದ ಗೋಡೆಯ ಎರಡರಷ್ಟು ಅಂಕಿ. ಮತ್ತೆ ಕೆರೆದು, ಗೋಡೆಯನ್ನು ಬೆತ್ತಲೆ ಬಿಟ್ಟು, ಮಾರ್ಚ್ ಕೊನೆಯಲ್ಲಿ ಅಂಕಿ ಪೂರ್ವದ ಗೋಡೆಯ ಹತ್ತಿರಕ್ಕೆ ಬಂದ ಮೇಲೆ ಬಣ್ಣ ಹೊಡೆಸಿದೆವು. ಅದಕ್ಕೆ 3,400 ಹೆಚ್ಚು ಬಿತ್ತು. ಗುತ್ತಿಗೆದಾರರು ವಾರದೊಳಗೆ ಎಲ್ಲ ಮುಗಿಸಿಕೊಡುತ್ತೇವೆ ಅಂದಾಗ ಈ ಕಾರಣಕ್ಕೇ ನನಗೆ ನಂಬಿಕೆ ಬರುವುದಿಲ್ಲ. ನೆನೆದ ಗೋಡೆಗೆ ನಮ್ಮ ಹಬ್ಬದ ದಿನ ಗೊತ್ತಿರುವುದಿಲ್ಲ.

ಎಲ್ಲ ಸೇರಿ 1,14,490 ರೂಪಾಯಿ. ಅದರಲ್ಲಿ ಬೂಷ್ಟು ತೆಗೆಯಲು ಹೋದದ್ದು ನೂರಕ್ಕೆ ಐದು ರೂಪಾಯಿಗಿಂತ ಸ್ವಲ್ಪ ಮೇಲೆ. ನೀರು ನಿಲ್ಲಿಸಲು ಹೋದದ್ದು ನೂರಕ್ಕೆ ಸುಮಾರು ಅರವತ್ತು. ಉಳಿದದ್ದು ಗೋಡೆಯನ್ನು ಮೊದಲಿನಂತೆ ಮಾಡಲು. ಯಾರಾದರೂ ನನ್ನನ್ನು ಬೂಷ್ಟು ತೆಗೆಸಲು ಎಷ್ಟಾಗುತ್ತದೆ ಅಂತ ಕೇಳಿದರೆ ನಾನು ಈ ಪಾಲನ್ನೇ ತೋರಿಸುತ್ತೇನೆ. ಕೊಟೇಶನ್ ಕೈಗೆ ಬಂದಾಗ ಒಟ್ಟು ಮೊತ್ತ ನೋಡಬೇಡಿ. ಇದರಲ್ಲಿ ಯಾವ ಸಾಲು ನೀರನ್ನು ನಿಲ್ಲಿಸುತ್ತದೆ ಅಂತ ಹುಡುಕಿ. ಅಂಥ ಸಾಲೇ ಇಲ್ಲದ ಕೊಟೇಶನ್ 18,998 ಆದರೂ ದುಬಾರಿ. ಅಂಥ ಸಾಲು ಇದ್ದು, ಅದು ಬೇಕೋ ಬೇಡವೋ ಅಂತ ಪರೀಕ್ಷೆ ಮಾಡಿರದಿದ್ದರೆ, ಅದರಲ್ಲಿ ಅರ್ಧ ಹಣ ಒಣ ತಾರಸಿಯ ಮೇಲೆ ಸುರಿದಂತೆ.

ಸಣ್ಣ ಕಲೆಗೆ ಯಾರನ್ನೂ ಕರೆಯಬೇಕಿಲ್ಲ. ಮೂರು ಅಡಿ ಉದ್ದ, ಮೂರು ಅಡಿ ಅಗಲದ ಒಳಗಿದ್ದರೆ ಮನೆಯವರೇ ಮಾಸ್ಕ್ ಹಾಕಿಕೊಂಡು ಸೋಪಿನ ನೀರಿನಲ್ಲಿ ತೆಗೆಯಬಹುದು ಎಂದು ಅಮೆರಿಕದ ಪರಿಸರ ಸಂಸ್ಥೆಯೂ ಹೇಳುತ್ತದೆ. ಉಬ್ಬಸ ಇರುವವರು ಮಾತ್ರ ಆ ಕೆಲಸಕ್ಕೆ ಕೈ ಹಾಕಬಾರದು. ಇದು ಯಾವ ಜಾತಿಯ ಬೂಷ್ಟು ಅಂತ ಲ್ಯಾಬಿಗೆ ಕಳಿಸಲು ಹಣ ಕೇಳುವವರೂ ಇದ್ದಾರೆ. ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಜಾತಿ ಯಾವುದಾದರೂ ತೆಗೆಯಲೇಬೇಕು, ನೀರು ನಿಲ್ಲಿಸಲೇಬೇಕು.

ಈ ಹಣವನ್ನು ಬೇರೆ ಯಾರಾದರೂ ಕೊಡುತ್ತಾರೆಯೇ ಅಂತ ಭಾವ ವಿಚಾರಿಸಿದರು. ಸಾಲದ ಜೊತೆಗೆ ಮಾಡಿಸಿದ ಮನೆ ವಿಮೆ ಇತ್ತು. ಪೈಪ್ ಅಥವಾ ಟ್ಯಾಂಕ್ ಒಡೆದು ನೀರು ನುಗ್ಗಿದ್ದರೆ ಅದರಲ್ಲಿ ಜಾಗವಿತ್ತು. ವರ್ಷಗಟ್ಟಲೆ ಮೆಲ್ಲಗೆ ಇಳಿದ ತೇವಕ್ಕೆ ಇರಲಿಲ್ಲ. ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ಕೊಂಡವರಿಗೆ ಮಾತ್ರ ಒಂದು ದಾರಿ ಇದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯ ಅಥವಾ ಕೆಲಸದ ದೋಷ ಕಂಡು, ಅದನ್ನು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಹೊರಗೋಡೆಯಿಂದ, ತಾರಸಿಯಿಂದ ನೀರು ಇಳಿಯುತ್ತಿದ್ದರೆ ಬಣ್ಣ ಹೊಡೆಸುವ ಮೊದಲು ಫೋಟೊ ತೆಗೆದು, ತಾರೀಖು ಹಾಕಿ, ಬರಹದಲ್ಲಿ ತಿಳಿಸಿ. ಬಣ್ಣ ಹೊಡೆಸಿದರೆ ಸಾಕ್ಷಿಯೂ ಅದರಡಿ ಮುಚ್ಚಿಹೋಗುತ್ತದೆ. ಅಕ್ಕನ ಮನೆ ಸ್ವಂತ ಕಟ್ಟಿಸಿದ್ದು, ಆ ದಾರಿ ನಮಗೆ ಇರಲಿಲ್ಲ.

ಮಳೆ ಬಂದ ಮೇಲೆ

2023ರಲ್ಲಿ ಗೋಡೆ ಚೆನ್ನಾಗಿತ್ತು. ಆದರೆ ನಾನು ಅದನ್ನು ಗೆಲುವು ಅಂತ ಲೆಕ್ಕ ಹಾಕಲಿಲ್ಲ. ಆ ವರ್ಷ ಮಳೆಯೇ ಕೈಕೊಟ್ಟಿತ್ತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ನಿಜವಾದ ಪರೀಕ್ಷೆ 2024ರ ಜುಲೈ. ಮಲೆನಾಡಿನಲ್ಲಿ ಬಿಟ್ಟೂಬಿಡದೆ ಹೊಯ್ದ ತಿಂಗಳು ಅದು. ನಾನು ಆಗಸ್ಟ್ ಮೊದಲ ವಾರ ರಜೆ ಹಾಕಿ ಹೋದೆ. ಬೀರು ಎಳೆದೆವು. ಗೋಡೆ ಬೆಳ್ಳಗಿತ್ತು. ಅಂಗೈ ಇಟ್ಟರೆ ತಂಪು, ಆದರೆ ಒದ್ದೆ ಇಲ್ಲ. ಮುಳ್ಳಿನ ಮೀಟರ್ ಪೂರ್ವದ ಗೋಡೆಗಿಂತ ಒಂದು ಗೀರು ಮಾತ್ರ ಮೇಲೆ ತೋರಿಸಿತು. ಸೀಲಿಂಗಿನ ಮೂಲೆಯಲ್ಲಿ ಏನೂ ಇರಲಿಲ್ಲ.

ಕೋಣೆಯ ತೇವಾಂಶ ಮಾತ್ರ 76ರಲ್ಲೇ ಇತ್ತು. ಬೀರುವಿನೊಳಗೆ ಭಾವನ ಚರ್ಮದ ಬೆಲ್ಟಿಗೆ, ಹಳೆಯ ಕೈಚೀಲಕ್ಕೆ ಬಿಳಿ ಬೂಷ್ಟು ಬಂದಿತ್ತು. ಗೋಡೆಯ ನೀರು ನಿಂತರೂ ಮಲೆನಾಡಿನ ಗಾಳಿ ಬದಲಾಗುವುದಿಲ್ಲ. ಅದನ್ನು ಒಣಗಿಸುವ ಯಂತ್ರಕ್ಕೆ ಅಂಗಡಿಯಲ್ಲಿ 18,000 ಹೇಳಿದರು, ಮೇಲೆ ಕರೆಂಟಿನ ಬಿಲ್ ಬೇರೆ. ಅಮ್ಮ ಇನ್ನೂ ಪೂರ್ವದ ಕೋಣೆಯಲ್ಲೇ ಮಲಗುತ್ತಾರೆ. ಕೆಮ್ಮು ಕಡಿಮೆಯಾಗಿದೆ. ಅದು ಔಷಧಿಯಿಂದಲೋ ಕೋಣೆಯಿಂದಲೋ ನಾನು ಹೇಳಲಾರೆ, ಅವರ ಡಾಕ್ಟರ್ ಹೇಳಬೇಕಾದ ಮಾತು.

ಯಂತ್ರ ತರುವುದು ಬೇಡ ಅಂತ ಅಮ್ಮನೇ ಹೇಳಿದರು. ಅಕ್ಕ ಬೆಲ್ಟನ್ನು ಒರೆಸಿ ಅಡುಗೆಮನೆಯ ಒಲೆಯ ಮೇಲಿನ ಗೂಟಕ್ಕೆ ನೇತುಹಾಕಿದಳು. ಧಾರೆ ಸೀರೆ ಈಗ ಅಲ್ಲೇ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿದೆ.